ಕೊಡಗಿಂದ ದಕ್ಷಿಣ ಯುರೋಪಿನ ನ್ಯಾಷನಲ್ ಪಾರ್ಕ್‌ಗಳಿಗೆ: ಯಾವಾಗ ಹೋಗೋದು, ಎಲ್ಲಿಗೆ, ಹೇಗೆ

ಈಗ ನಮ್ಮ ಕಡೆ ಸುಮಾರು ಮನೆಗಳಲ್ಲಿ ಮಕ್ಕಳು ಜರ್ಮನಿ, ಐರ್ಲೆಂಡ್, ನೆದರ್ಲೆಂಡ್ಸ್ ಅಂತ ಓದೋಕೋ ಕೆಲಸಕ್ಕೋ ಹೋಗಿ ಸೇರ್ಕೊಂಡಿದ್ದಾರೆ, ಕಾಫಿಗೂ ಒಳ್ಳೆ ರೇಟ್ ಬಂದಿದೆ, ಹಾಗಾಗಿ ಒಂದ್ಸಲ ಯುರೋಪ್ ನೋಡ್ಕೊಂಡು ಬರೋಣ ಅನ್ನೋರು ಜಾಸ್ತಿ ಆಗಿದ್ದಾರೆ. ಆದ್ರೆ ಹೊರಟೋರಿಗೆಲ್ಲ ಸಿಗೋದು ಅದೇ ಹತ್ತು ದಿನ ಏಳು ದೇಶದ ಪ್ಯಾಕೇಜ್, ಬಸ್ಸಲ್ಲಿ ಕೂರಿಸ್ಕೊಂಡು ಪ್ಯಾರಿಸ್ ಟವರ್, ಸ್ವಿಸ್ ಹಿಮ, ರೋಮ್‌ನ ಕೊಲೋಸಿಯಂ ತೋರಿಸಿ ವಾಪಸ್ ತಂದು ಬಿಡ್ತಾರೆ. ಶನಿವಾರ ಬೆಂಗಳೂರಿಂದ ಬಂದು ರಾಜಾಸೀಟು, ಅಬ್ಬಿ ಫಾಲ್ಸ್, ದುಬಾರೆ ಮುಗಿಸಿ ಭಾನುವಾರ ಸಂಜೆ ಕುಶಾಲನಗರ ದಾಟೋರಿಗೆ ಕೊಡಗು ಎಷ್ಟು ಕಂಡಿರುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ತರ ನಾವು ಅಲ್ಲಿಗೆ ಹೋಗಿ ಬರಬಾರದು ಅನ್ನೋದೇ ನನ್ನ ಮಾತು. ಒಂದು ಪಾರ್ಕ್, ಹೆಚ್ಚೆಂದ್ರೆ ಎರಡು ಆರಿಸ್ಕೊಳ್ಳಿ, ಒಂದೊಂದರ ಪಕ್ಕದ ಹಳ್ಳಿಯಲ್ಲಿ ಮೂರ್ನಾಲ್ಕು ರಾತ್ರಿ ಉಳ್ಕೊಳ್ಳಿ, ದಿನಾ ನಡೀರಿ. ಅದಕ್ಕೆ ದಕ್ಷಿಣ ಯುರೋಪಿನಷ್ಟು ಒಳ್ಳೆ ಜಾಗ ಇಲ್ಲ, ಹವಾ ನಮಗೆ ಒಗ್ಗುತ್ತೆ, ಊಟ ಚೆನ್ನಾಗಿರುತ್ತೆ, ಉತ್ತರದ ದೇಶಗಳಿಗಿಂತ ಖರ್ಚೂ ಸ್ವಲ್ಪ ಕಮ್ಮಿ.

ಅಲ್ಲಿ ಸಫಾರಿ ಜೀಪ್ ಇಲ್ಲ, ನಡೀಬೇಕು

ನಮಗೆ ನ್ಯಾಷನಲ್ ಪಾರ್ಕ್ ಅಂದ್ರೆ ನಾಗರಹೊಳೆ. ಬೆಳಿಗ್ಗೆ ಗೇಟ್ ತೆಗೀತಾರೆ, ಸಫಾರಿ ಗಾಡಿ ಹತ್ತಬೇಕು, ಕೆಳಗೆ ಇಳಿಯೋ ಹಂಗಿಲ್ಲ, ಹುಲಿ ಕಂಡ್ರೆ ದುಡ್ಡು ವಸೂಲಿ. ಅಲ್ಲಿ ಲೆಕ್ಕಾನೇ ಬೇರೆ. ಬಹಳಷ್ಟು ಪಾರ್ಕ್‌ಗಳಿಗೆ ಗೇಟೇ ಇಲ್ಲ, ರಸ್ತೆ ಪಕ್ಕ ಒಂದು ಬೋರ್ಡ್ ಇರುತ್ತೆ ಅಷ್ಟೇ, ಒಳಗೆ ಊರುಗಳಿವೆ, ದನ ಮೇಯ್ತಿರುತ್ತೆ, ಚರ್ಚ್ ಇರುತ್ತೆ, ಜನ ತಮ್ಮ ಪಾಡಿಗೆ ಹುಲ್ಲು ಕೊಯ್ತಿರ್ತಾರೆ. ನೀವು ಕಾಲ್ನಡಿಗೆಯಲ್ಲೇ ಎಲ್ಲ ನೋಡಬೇಕು, ಯಾರೂ ಜೊತೆಗೆ ಬರಲ್ಲ, ದಾರಿಗೆ ಮರದ ಮೇಲೋ ಬಂಡೆ ಮೇಲೋ ಬಣ್ಣದ ಗುರುತು ಹಾಕಿರ್ತಾರೆ, ಅದನ್ನ ಹಿಡ್ಕೊಂಡು ಹೋಗೋದು. ಸ್ಲೊವೇನಿಯಾ, ಕ್ರೊಯೇಷಿಯಾದಲ್ಲಿ ಕೆಂಪು ಬಳೆ ಒಳಗೆ ಬಿಳಿ ಚುಕ್ಕೆ, ಇಟಲಿಯಲ್ಲಿ ಕೆಂಪು-ಬಿಳಿ ಪಟ್ಟಿ ಮತ್ತು ಒಂದು ನಂಬರ್, ಸ್ಪೇನ್, ಪೋರ್ಚುಗಲ್‌ನಲ್ಲಿ ದೂರದ ದಾರಿಗೆ ಬಿಳಿ-ಕೆಂಪು, ಚಿಕ್ಕ ದಾರಿಗೆ ಸ್ಪೇನ್‌ನಲ್ಲಿ ಬಿಳಿ-ಹಳದಿ, ಪೋರ್ಚುಗಲ್‌ನಲ್ಲಿ ಹಳದಿ-ಕೆಂಪು. ಅದೇ ಬಣ್ಣದಲ್ಲಿ ಎರಡು ಗೆರೆ ಕತ್ತರಿಸಿದ ಹಾಗೆ ಹಾಕಿದ್ರೆ ಆ ಕಡೆ ಹೋಗಬೇಡಿ ಅಂತ ಅರ್ಥ. ಇನ್ನೊಂದು, ಆಲ್ಪ್ಸ್ ಕಡೆ ಬೋರ್ಡ್‌ನಲ್ಲಿ ಎಷ್ಟು ಕಿಲೋಮೀಟರ್ ಅಂತ ಬರೆಯೋಕಿಂತ ಎಷ್ಟು ಗಂಟೆ ಅಂತ ಬರೆದಿರೋದೇ ಜಾಸ್ತಿ, ಆ ಗಂಟೆ ಅಲ್ಲಿನವರ ಕಾಲಿನ ಲೆಕ್ಕ, ನಾವು ಅದಕ್ಕೆ ಅರ್ಧ ಸೇರಿಸ್ಕೋಬೇಕು.

ಆನೆ ಇಲ್ಲ ಅನ್ನೋದು ನಮ್ಮಂಥೋರಿಗೆ ಎಷ್ಟು ದೊಡ್ಡ ವಿಷ್ಯ ಅಂತ ಅಲ್ಲಿಗೆ ಹೋದ್ಮೇಲೇ ಗೊತ್ತಾಗೋದು. ಇಲ್ಲಿ ಬೆಳಿಗ್ಗೆ ಆರಕ್ಕೆ ತೋಟಕ್ಕೆ ಇಳಿಯೋ ಮುಂಚೆ ನಿಂತು ಕಿವಿ ಕೊಡ್ತೀವಿ, ಬೈನೆ ಮರ ಮುರಿಯೋ ಸದ್ದು ಬರ್ತಿದೆಯಾ, ಲದ್ದಿ ವಾಸನೆ ಇದೆಯಾ ಅಂತ ನೋಡ್ತೀವಿ. ಅಲ್ಲಿ ಬೆಳಕು ಹರಿಯೋ ಹೊತ್ತಿಗೆ ಕಾಡೊಳಗೆ ಒಬ್ಬರೇ ನಡೀಬಹುದು, ಮೊದಲ ದಿನ ಮೈಯೆಲ್ಲ ಬಿಗಿಯಾಗೇ ಇರುತ್ತೆ, ಎರಡನೇ ದಿನಕ್ಕೆ ಸಡಿಲ ಆಗುತ್ತೆ. ಕರಡಿ, ತೋಳ ಕೆಲವು ಕಡೆ ಇವೆ, ಆದ್ರೆ ಕಾಣಿಸ್ಕೊಳ್ಳೋದು ತೀರಾ ಅಪರೂಪ. ಪ್ರಾಣಿ ನೋಡಲೇಬೇಕು ಅಂತ ಹಟ ಹಿಡ್ಕೊಂಡು ಹೋಗೋರಿಗೆ ಈ ಪಾರ್ಕ್‌ಗಳು ಬೇಜಾರು ತರಬಹುದು. ಕಲ್ಲು, ನೀರು, ಮರ, ಬೆಟ್ಟ ನೋಡೋ ಕಣ್ಣಿದ್ರೆ ಸಾಕಾಗಿ ಹೋಗುವಷ್ಟಿದೆ.

ಯಾವಾಗ ಹೋಗೋದು

ಇದನ್ನ ನಮ್ಮ ತೋಟದ ಕೆಲಸದ ಜೊತೆ ಕೂಡಿಸಿ ನೋಡಬೇಕು. ನವೆಂಬರಿಂದ ಫೆಬ್ರವರಿ ಕಳೆಯೋವರೆಗೂ ಕಾಫಿ ಕುಯ್ಲು, ಯಾರೂ ಅಲ್ಲಾಡೋ ಹಂಗಿಲ್ಲ. ಅದರ ಬೆನ್ನಿಗೇ ಹೂ ಮಳೆಗೆ ಕಾಯೋದು, ಮಳೆ ಬರದಿದ್ರೆ ಸ್ಪ್ರಿಂಕ್ಲರ್, ಜೊತೆಗೆ ಕರಿಮೆಣಸು. ಏಪ್ರಿಲ್-ಮೇನಲ್ಲಿ ಮದುವೆ, ಹಾಕಿ ನಮ್ಮೆ, ಮರ ಕಪಾತು. ಹಂಗಾಗಿ ನಮಗೆ ನಿಜಕ್ಕೂ ಸಿಗೋದು ಎರಡು ಕಿಂಡಿ. ಒಂದು ಮೇ ತಿಂಗಳ ಕೊನೆಯಿಂದ ಜೂನ್ ಮಧ್ಯದವರೆಗೆ, ಇನ್ನೊಂದು ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ ಮುಗಿಸಿ ಹೊರಟು ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೆ ಮುಂಚೆ ವಾಪಸ್ ಬರೋದು. ನಮ್ಮ ಅದೃಷ್ಟಕ್ಕೆ ದಕ್ಷಿಣ ಯುರೋಪಿಗೂ ಇವೇ ಒಳ್ಳೆ ದಿನಗಳು.

ಜುಲೈ-ಆಗಸ್ಟ್ ಮಾತ್ರ ಬೇಡ. ಕಕ್ಕಡದ ಮಳೆ ತಪ್ಪಿಸ್ಕೊಳ್ಳೋಣ ಅಂತ ಆಗ ಹೊರಡೋ ಆಸೆ ಆಗುತ್ತೆ ನಿಜ, ಆದ್ರೆ ಯುರೋಪಿನೋರಿಗೆಲ್ಲ ಆಗಲೇ ರಜಾ, ರೂಮ್ ರೇಟ್ ಡಬಲ್, ಗ್ರೀಸ್, ಸ್ಪೇನ್‌ನ ತಗ್ಗು ಪ್ರದೇಶದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತೆ, ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನೇ ಮುಚ್ಚಿಬಿಡೋದೂ ಉಂಟು. ಆ ತಗ್ಗು ಪ್ರದೇಶಗಳಲ್ಲಿ ಮಳೆ ಚಳಿಗಾಲದ್ದು, ಬೇಸಿಗೆ ಪೂರ್ತಿ ಒಣಗಿರುತ್ತೆ, ಅಂದ್ರೆ ನಮ್ಮದಕ್ಕೆ ಸರಿಯಾಗಿ ಉಲ್ಟಾ, ಇದು ತಲೆಯಲ್ಲಿದ್ರೆ ಪ್ಲಾನ್ ಮಾಡೋದು ಸುಲಭ.

ಎರಡು ಕಿಂಡಿಗೂ ಒಂದೇ ಪಾರ್ಕ್ ಸರಿ ಬರಲ್ಲ. ಮೇ-ಜೂನ್‌ಗೆ ತಗ್ಗಿನ ಜಾಗಗಳು: ಕ್ರೊಯೇಷಿಯಾದ ಪ್ಲಿಟ್ವಿಟ್ಸೆ, ಇಟಲಿಯ ಚಿಂಕ್ವೆ ಟೆರ್ರೆ, ಗ್ರೀಸ್‌ನ ಸಮರಿಯಾ, ಪೋರ್ಚುಗಲ್‌ನ ಪೆನೇಡಾ-ಜೆರೇಶ್. ಆಲ್ಪ್ಸ್, ಪಿರನೀಸ್ ಬೆಟ್ಟಗಳಲ್ಲಿ 2000 ಮೀಟರ್ ಮೇಲೆ ಜೂನ್‌ನಲ್ಲೂ ಹಿಮ ಉಳಿದಿರುತ್ತೆ, ಮೇಲಿನ ತಂಗುಮನೆಗಳೂ ತೆರೆದಿರಲ್ಲ. ಅದೇ ಸೆಪ್ಟೆಂಬರ್ ಆದ್ರೆ ಮೇಲಕ್ಕೆ ಹೋಗಿ: ಸ್ಲೊವೇನಿಯಾದ ಟ್ರಿಗ್ಲಾವ್, ಸ್ಪೇನ್‌ನ ಓರ್ದೇಸಾ, ಇಟಲಿಯ ಗ್ರಾನ್ ಪಾರಾದೀಸೋ. ಒಂದೇ ಸಲ ಹೋಗೋದಾದ್ರೆ ನಾನು ಸೆಪ್ಟೆಂಬರ್ ಅಂತೀನಿ, ಆಕಾಶ ತಿಳಿಯಾಗಿರುತ್ತೆ, ಜನ ಕಮ್ಮಿ ಆಗಿರ್ತಾರೆ, ಇಲ್ಲಿ ಕಾಯಿ ಇನ್ನೂ ಹಣ್ಣಾಗಿರಲ್ಲ ಅಂತ ಮನಸ್ಸೂ ನಿರಾಳ.

ಎಲ್ಲಿಗೆ

ಪ್ಲಿಟ್ವಿಟ್ಸೆ ಮೊದಲು, ಯಾಕಂದ್ರೆ ವಯಸ್ಸಾದವರು, ಮಕ್ಕಳು ಎಲ್ಲ ಒಟ್ಟಿಗೆ ಹೋಗೋ ಸಂಸಾರಕ್ಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನಿಂದ ಬಸ್ಸಲ್ಲಿ ಎರಡು, ಎರಡೂವರೆ ಗಂಟೆ. 1949ರಲ್ಲಿ ಪಾರ್ಕ್ ಆಯ್ತು, 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರ್ತು. ಒಂದರ ಕೆಳಗೊಂದು 16 ಕೆರೆಗಳು, ಮೇಲಿಂದ ಕೆಳಗೆ ನೀರು ಧುಮುಕ್ತಾ ಧುಮುಕ್ತಾ ಬರುತ್ತೆ. ನೋಡಬೇಕಾದ್ದು ಆ ಕೆರೆಗಳ ಮಧ್ಯದ ಅಣೆಕಟ್ಟು, ಅದನ್ನ ಮನುಷ್ಯರು ಕಟ್ಟಿದ್ದಲ್ಲ. ಅಲ್ಲಿನ ಬೆಟ್ಟವೆಲ್ಲ ಸುಣ್ಣದ ಕಲ್ಲು, ನೀರಲ್ಲಿ ಸುಣ್ಣ ಕರಗಿರುತ್ತೆ, ಪಾಚಿ, ಹಾವಸೆ, ಬ್ಯಾಕ್ಟೀರಿಯಾ ಮೇಲೆ ಆ ಸುಣ್ಣ ಕೂತು ಕೂತು ಕಲ್ಲಾಗುತ್ತೆ, ಬೋರ್‌ವೆಲ್ ನೀರು ಕಾಯಿಸೋ ಹಂಡೆ ಒಳಗೆ ಬಿಳಿ ಪದರ ಕಟ್ಟುತ್ತಲ್ಲ ಹಂಗೆ. ಮರದ ಹಲಗೆ ದಾರಿ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿ, ನೀರಿಗೆ ಬಿದ್ದ ಕಡ್ಡಿ, ಕೊಂಬೆ ಎಲ್ಲ ಬೂದು ಬಣ್ಣದ ತೊಗಲು ಹೊದ್ದುಕೊಂಡು ಮಲಗಿರುತ್ತೆ, ಒಂದು ಕಡೆ ಇನ್ನೂ ಮರ, ಇನ್ನೊಂದು ಕಡೆ ಆಗಲೇ ಕಲ್ಲು. ಅದರ ಪಕ್ಕದಲ್ಲೇ ಹಸಿರು ಹಾವಸೆ ಮೇಲೆ ನೀರು ಇಳೀತಿರುತ್ತೆ, ಮುಂದಿನ ಗೋಡೆ ಅಲ್ಲೇ ತಯಾರಾಗ್ತಿದೆ. ಇದು ಇಷ್ಟು ಸೂಕ್ಷ್ಮವಾದ ಕೆಲಸ ಆದ್ದರಿಂದ್ಲೇ ಅಲ್ಲಿ ಈಜೋದು, ಕಾಲು ಇಳಿಬಿಡೋದು ಏನೂ ಇಲ್ಲ. ಅದೇ ದೇಶದ ಕೃಕಾ ಪಾರ್ಕ್‌ನಲ್ಲಿ ದೊಡ್ಡ ಫಾಲ್ಸ್ ಕೆಳಗೆ ಮೊದಲು ಈಜೋಕೆ ಬಿಡ್ತಿದ್ರು, 2021ರಿಂದ ಅದನ್ನೂ ನಿಲ್ಲಿಸಿದ್ರು, ಹಾಗಾಗಿ ಹಳೇ ಫೋಟೋ ನೋಡಿ ಬಟ್ಟೆ ತಗೊಂಡು ಹೋಗಬೇಡಿ.

ಪ್ಲಿಟ್ವಿಟ್ಸೆ ಟಿಕೆಟ್ ಆನ್‌ಲೈನ್‌ನಲ್ಲೇ ಮುಂಚೆ ತಗೋಬೇಕು, ಟಿಕೆಟ್‌ನಲ್ಲಿ ಗಂಟೆ ಬರೆದಿರುತ್ತೆ, ಆ ಗಂಟೆಗೇ ಒಳಗೆ ಬಿಡ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡವರಿಗೆ ಸುಮಾರು 40 ಯೂರೊ, ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಅದರ ಹತ್ತಿರ ಹತ್ತಿರ ಅರ್ಧ. ಅಂದ್ರೆ ಮೇ ಕೊನೆ ವಾರ ಹೋದ್ರೆ ನೀರೂ ಜೋರು, ದುಡ್ಡೂ ಉಳಿತು. ಕೊಜ್ಯಾಕ್ ಕೆರೆ ದಾಟೋ ಬ್ಯಾಟರಿ ದೋಣಿ, ಒಳಗಿನ ಬಸ್ಸು ಎಲ್ಲ ಆ ಟಿಕೆಟ್‌ನಲ್ಲೇ ಸೇರಿದೆ. ದಾರಿಗಳಿಗೆ ಅಕ್ಷರದ ಹೆಸರಿದೆ, ಮೊದಲನೇ ಗೇಟಿಂದ ಸಿ, ಎರಡನೇ ಗೇಟಿಂದ ಎಚ್ ತಗೊಂಡ್ರೆ ಮೇಲಿನ ಕೆರೆ ಕೆಳಗಿನ ಕೆರೆ ಎರಡೂ ಆಗುತ್ತೆ, 8-9 ಕಿಲೋಮೀಟರ್, ನಿಂತು ನೋಡ್ಕೊಂಡು ಹೋದ್ರೆ ಐದಾರು ಗಂಟೆ. ದೊಡ್ಡ ಫಾಲ್ಸ್ 78 ಮೀಟರ್ ಎತ್ತರ. ಬೆಳಿಗ್ಗೆ ಮೊದಲ ಗಂಟೆಯ ಟಿಕೆಟ್ಟೇ ತಗೊಳ್ಳಿ, ಹತ್ತು ಗಂಟೆ ಆದ್ಮೇಲೆ ಟೂರ್ ಬಸ್ಸುಗಳು ಬಂದು ಹಲಗೆ ದಾರಿ ಜಾಮ್ ಆಗುತ್ತೆ.

ಅಲ್ಲಿಂದ ಪಕ್ಕದ ದೇಶ ಸ್ಲೊವೇನಿಯಾ. ಅಲ್ಲಿರೋದು ಒಂದೇ ನ್ಯಾಷನಲ್ ಪಾರ್ಕ್, ಟ್ರಿಗ್ಲಾವ್. ಎಲ್ಲರೂ ಬ್ಲೆಡ್ ಕೆರೆಗೆ ಹೋಗಿ ದ್ವೀಪದ ಚರ್ಚಿನ ಫೋಟೋ ತೆಗೆದು ಹೊರಡ್ತಾರೆ, ಬ್ಲೆಡ್ ಪಾರ್ಕ್ ಒಳಗಿಲ್ಲ, ಹೊರಗಿದೆ. ನೀವು ಇನ್ನೂ ಮುಂದೆ ಬೋಹಿನ್ ಕೆರೆಗೆ ಹೋಗಿ ಅಲ್ಲಿ ಉಳ್ಕೊಳ್ಳಿ. ರಾಜಧಾನಿ ಲ್ಯುಬ್ಲ್ಯಾನಾದಿಂದ ಬಸ್ ಇದೆ, ಸುಮಾರು ಎರಡು ಗಂಟೆ. ಕೆರೆ ಸುತ್ತ ಕಾಡಿನ ದಾರಿ ಸುಮಾರು 12 ಕಿಲೋಮೀಟರ್, ಈಜಬಹುದು, ನೀರು ಮಾತ್ರ ಕೊರೀತಿರುತ್ತೆ. ವೋಗೆಲ್ ಕೇಬಲ್ ಕಾರ್ ಹತ್ತಿದ್ರೆ 1535 ಮೀಟರ್‌ಗೆ ಬಿಡುತ್ತೆ, ಅಲ್ಲಿಂದ ಎದುರಿಗೇ ಟ್ರಿಗ್ಲಾವ್ ಶಿಖರ, 2864 ಮೀಟರ್. ನಮ್ಮ ತಡಿಯಂಡಮೋಳ್ 1748, ಅದನ್ನ ಹತ್ತಿದೋರಿಗೆ ಇದನ್ನೂ ಹತ್ತೋಣ ಅನ್ಸುತ್ತೆ. ಅವರಿಗೆ ಅದು ದೇಶದ ಬಾವುಟದಲ್ಲಿರೋ ಬೆಟ್ಟ, ಜೀವನದಲ್ಲಿ ಒಂದ್ಸಲ ಹತ್ತಲೇಬೇಕು ಅಂತಾರೆ. ಆದ್ರೆ ಕೊನೆ ಭಾಗ ಕಬ್ಬಿಣದ ಹಗ್ಗ, ಮೊಳೆ ಹಿಡ್ಕೊಂಡು ಹತ್ತೋ ಬಂಡೆ, ಹೆಲ್ಮೆಟ್ ಬೇಕು, ಅಭ್ಯಾಸ ಇಲ್ಲದವರಿಗೆ ಗೈಡ್ ಬೇಕೇ ಬೇಕು. ಕೆಳಗಿನ ದಾರಿಗಳೇ ಬೇಕಾದಷ್ಟಿವೆ. ಪಾರ್ಕ್‌ಗೆ ಎಂಟ್ರಿ ಟಿಕೆಟ್ ಇಲ್ಲ, ಸಾವಿತ್ಸಾ ಫಾಲ್ಸ್ ತರದ ಕೆಲವು ಜಾಗಕ್ಕೆ ಮತ್ತು ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು. ಎಲ್ಲಂದ್ರಲ್ಲಿ ಟೆಂಟ್ ಹಾಕೋ ಹಂಗಿಲ್ಲ, ಡ್ರೋನ್ ಹಾರಿಸೋ ಹಂಗೂ ಇಲ್ಲ.

ಸ್ಪೇನ್‌ನಲ್ಲಿ 16 ನ್ಯಾಷನಲ್ ಪಾರ್ಕ್‌ಗಳಿವೆ, ಹೆಚ್ಚಿನವಕ್ಕೆ ಎಂಟ್ರಿ ಫೀ ಇಲ್ಲ, ಇದು ಗೊತ್ತಿಲ್ಲದೆ ಎಷ್ಟೋ ಜನ ಟಿಕೆಟ್ ಹುಡುಕ್ತಾ ಕೂರ್ತಾರೆ. ಅವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರದ್ದು ಪಿರನೀಸ್ ಬೆಟ್ಟದ ಓರ್ದೇಸಾ, 1918ರಲ್ಲೇ ಪಾರ್ಕ್ ಆಗಿದ್ದು. ತೋರ್ಲಾ ಅನ್ನೋ ಕಲ್ಲಿನ ಮನೆಗಳ ಊರಲ್ಲಿ ಉಳ್ಕೋಬೇಕು, ಬೇಸಿಗೆಯಲ್ಲಿ ಕಣಿವೆ ಒಳಗೆ ಸ್ವಂತ ಕಾರ್ ಬಿಡಲ್ಲ, ಊರಿಂದ ಪಾರ್ಕ್ ಬಸ್ಸಲ್ಲೇ ಹೋಗಬೇಕು. ಮಾಂದಲಪಟ್ಟಿಗೆ ಸಾಲುಗಟ್ಟಿ ಏರೋ ಜೀಪ್‌ಗಳ ಧೂಳು ಕುಡಿದೋರಿಗೆ ಈ ಒಂದು ನಿಯಮ ಎಷ್ಟು ಬದಲಾವಣೆ ಮಾಡುತ್ತೆ ಅಂತ ಅಲ್ಲಿ ಇಳಿದ ತಕ್ಷಣ ಕಿವಿಗೇ ಗೊತ್ತಾಗುತ್ತೆ. ಬಸ್ ಬಿಟ್ಟ ಜಾಗದಿಂದ ಕುದುರೆ ಬಾಲ ಅಂತ ಕರೆಯೋ ಫಾಲ್ಸ್‌ವರೆಗೆ ಹೋಗಿ ಬರೋಕೆ ಸುಮಾರು 17-18 ಕಿಲೋಮೀಟರ್, ಆರೇಳು ಗಂಟೆ, ಏರು ಜಾಸ್ತಿ ಇಲ್ಲ, ಹೊಳೆ ಪಕ್ಕದಲ್ಲೇ ಬೀಚ್ ಮರದ ಕಾಡೊಳಗೆ ದಾರಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ನೀರು, ಕೊನೆಗೆ ಬಯಲು, ಎರಡೂ ಕಡೆ ಗೋಡೆ ಎದ್ದ ಹಾಗೆ ಬಂಡೆ. ಅಷ್ಟು ನಡೆಯೋಕೆ ಆಗದವರು ಅರ್ಧಕ್ಕೆ ವಾಪಸ್ ಬಂದ್ರೂ ನಷ್ಟ ಇಲ್ಲ. ತಲೆ ಎತ್ತಿ ನೋಡ್ತಿರಿ, ಗಡ್ಡದ ರಣಹದ್ದು ಅಲ್ಲಿದೆ, ಅದರ ಊಟ ಹೆಚ್ಚಾಗಿ ಮೂಳೆಯೇ, ದೊಡ್ಡ ಮೂಳೆ ಸಿಕ್ರೆ ಮೇಲಿಂದ ಬಂಡೆ ಮೇಲೆ ಬೀಳಿಸಿ ಒಡೆದು ನುಂಗುತ್ತೆ. ಇದೇ ಕಣಿವೆಯಲ್ಲಿ ಬುಕಾರ್ದೋ ಅನ್ನೋ ಕಾಡುಮೇಕೆ ಇತ್ತು, ಕೊನೆಯ ಹೆಣ್ಣು 2000ನೇ ಇಸವಿ ಜನವರಿಯಲ್ಲಿ ಸತ್ತು ಸಂತತಿ ಮುಗೀತು. ಅದರ ಜೀವಕೋಶ ಉಳಿಸಿ 2003ರಲ್ಲಿ ಕ್ಲೋನ್ ಮಾಡಿ ಮರಿ ಹುಟ್ಟಿಸಿದ್ರು, ಕೆಲವೇ ನಿಮಿಷ ಬದುಕ್ತು. ಅಳಿದು ಹೋದ ಪ್ರಾಣಿ ಎರಡನೇ ಸಲ ಅಳಿದಿದ್ದು ಅದೊಂದೇ. ನಮ್ಮ ಕಾಡಲ್ಲಿ ಇನ್ನೂ ಏನೇನು ಉಳಿದಿದೆ ಅಂತ ಯೋಚನೆ ಬಂದೇ ಬರುತ್ತೆ ಆ ದಾರಿಯಲ್ಲಿ.

ಹಾಗಂತ ಎಲ್ಲ ಸೋತ ಕಥೆ ಅಲ್ಲ. ಐಬೀರಿಯಾದ ಲಿಂಕ್ಸ್ ಕಾಡುಬೆಕ್ಕು ಈ ಶತಮಾನದ ಶುರುವಿನಲ್ಲಿ ನೂರರ ಒಳಗಿತ್ತು, ಮೊಲ ಬೆಳೆಸಿ, ಸಾಕಿ ಬಿಟ್ಟು, ರಸ್ತೆ ಕೆಳಗೆ ದಾರಿ ಮಾಡಿಕೊಟ್ಟು ಈಗ 2000 ದಾಟಿದೆ, 2024ರಲ್ಲಿ ಅದನ್ನ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದ್ರು. ಅದು ಇರೋ ದೋನ್ಯಾನಾ ಪಾರ್ಕ್ ಸ್ಪೇನ್‌ನ ದಕ್ಷಿಣ ತುದಿಯ ಜೌಗು ಪ್ರದೇಶ, ಅಲ್ಲಿ ಮಾತ್ರ ನಮ್ಮ ಸಫಾರಿ ತರ ಗೈಡ್ ಜೊತೆ ಗಾಡಿಯಲ್ಲೇ ಒಳಗೆ ಹೋಗಬೇಕು, ಮುಂಚೆ ಬುಕ್ ಮಾಡಬೇಕು. ಹಕ್ಕಿ ನೋಡೋರಿಗೆ ವಸಂತ ಕಾಲದಲ್ಲಿ ಸ್ವರ್ಗ.

ಗ್ರೀಸ್‌ನ ಕ್ರೀಟ್ ದ್ವೀಪದ ಸಮರಿಯಾ ಕಮರಿ ಮಂಡಿ ಗಟ್ಟಿ ಇರೋರಿಗೆ. ಹೆಚ್ಚುಕಮ್ಮಿ ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತೆ, ಜೋರು ಮಳೆ ಅಥವಾ ಅತಿ ಬಿಸಿಲಿದ್ರೆ ಆ ದಿನ ಮುಚ್ತಾರೆ. ಹಾನಿಯಾ ಊರಿಂದ ಬೆಳಿಗ್ಗೆ ಬಸ್ಸಲ್ಲಿ 1200 ಮೀಟರ್ ಎತ್ತರಕ್ಕೆ ಹೋಗಿ ಅಲ್ಲಿಂದ ಸಮುದ್ರದವರೆಗೆ 16 ಕಿಲೋಮೀಟರ್ ಬರೀ ಇಳಿಯೋದು. ಇಳಿಜಾರು ಸುಲಭ ಅನ್ಕೋಬೇಡಿ, ಮಾರನೇ ದಿನ ಮೆಟ್ಟಿಲು ಇಳಿಯೋಕೆ ಆಗಲ್ಲ. ಕೊನೆಗೆ ಬಂಡೆ ಮಧ್ಯೆ ದಾರಿ ಮೂರ್ನಾಲ್ಕು ಮೀಟರ್ ಅಗಲಕ್ಕೆ ಕಿರಿದಾಗುತ್ತೆ, ಅಲ್ಲಿ ಎರಡೂ ಕೈ ಚಾಚಿ ಮೇಲೆ ನೋಡಿದ್ರೆ ಆಕಾಶ ಒಂದು ಗೆರೆ. ಕೆಳಗೆ ತಲುಪೋ ಅಯ್ಯಾ ರೂಮೆಲಿ ಊರಿಗೆ ರಸ್ತೆ ಇಲ್ಲ, ದೋಣಿ ಹಿಡಿದು ಬೇರೆ ಊರಿಗೆ ಹೋಗಿ ಅಲ್ಲಿಂದ ಬಸ್ಸು, ಹಾಗಾಗಿ ಸಂಜೆ ದೋಣಿ ಟೈಮ್ ಮೊದಲೇ ಬರ್ಕೊಳ್ಳಿ. ದಾರಿ ಮಧ್ಯೆ ಸಮರಿಯಾ ಅನ್ನೋ ಹಳೇ ಊರಿದೆ, ಕಲ್ಲಿನ ಮನೆಗಳು ಖಾಲಿ, 1962ರಲ್ಲಿ ಪಾರ್ಕ್ ಮಾಡುವಾಗ ಅಲ್ಲಿನವರನ್ನ ಹೊರಗೆ ಕಳಿಸಿದ್ರು. ನಾಗರಹೊಳೆ ಹಾಡಿಗಳಿಂದ ಜೇನುಕುರುಬರು, ಯರವರು ಹೊರಗೆ ಬಂದಿದ್ದನ್ನ ಕಂಡಿರೋ ನಮಗೆ ಆ ಊರೊಳಗೆ ಸುಮ್ನೆ ದಾಟಿ ಹೋಗೋಕಾಗಲ್ಲ, ಸ್ವಲ್ಪ ಹೊತ್ತು ಕೂತೇ ಹೋಗಿ.

ಇಟಲಿಯ ಚಿಂಕ್ವೆ ಟೆರ್ರೆ ಬಗ್ಗೆ ಒಂದು ಮಾತು. ಸಮುದ್ರಕ್ಕೆ ಇಳಿಯೋ ಕಡಿದಾದ ಬೆಟ್ಟದಲ್ಲಿ ಐದು ಊರು, ಬಣ್ಣದ ಮನೆ, ಎಲ್ಲರೂ ಅದರ ಫೋಟೋಗೇ ಹೋಗೋದು. ಮನೆ ಬಿಟ್ಟು ಹಿಂದಿನ ಬೆಟ್ಟ ನೋಡಿ. ಸಿಮೆಂಟ್ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆ, ಮೇಲೆ ಮೇಲೆ ಮೆಟ್ಟಿಲಾಗಿ ದ್ರಾಕ್ಷಿ ತೋಟ. ಕೆಲಸಕ್ಕೆ ಜನ ಇಲ್ಲ, ಮಕ್ಕಳು ಪಟ್ಟಣ ಸೇರಿದ್ರು, ಗೋಡೆ ನೋಡ್ಕೊಳ್ಳೋರಿಲ್ಲದೆ ಬಹಳಷ್ಟು ಪಾಳು ಬಿತ್ತು. 2011ರ ಅಕ್ಟೋಬರ್ 25ರಂದು ಒಂದೇ ದಿನದ ಭಾರಿ ಮಳೆಗೆ ಬೆಟ್ಟ ಜಾರಿ ವೆರ್ನಾತ್ಸಾ, ಮೊಂತೆರೊಸ್ಸೊ ಊರುಗಳೊಳಗೆ ಕೆಸರು ನುಗ್ತು, ಜೀವ ಹೋಯ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಂಡ ನಮಗೆ ಅದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈಗ ಅಲ್ಲಿ ಗೋಡೆ ಮತ್ತೆ ಕಟ್ಟೋ ಕೆಲಸ ನಡೀತಿದೆ, ನೀವು ದಾರಿಗೆ ಕೊಡೋ ಕಾರ್ಡ್ ದುಡ್ಡು ಪಾರ್ಕ್‌ಗೆ ಹೋಗುತ್ತೆ, ರೈಲಿಗೂ ಸೇರಿಸಿದ ಕಾರ್ಡ್ ತಗೊಳ್ಳಿ, ಊರಿಂದ ಊರಿಗೆ ರೈಲಲ್ಲಿ ಕೆಲವೇ ನಿಮಿಷ. ಕಾರ್ ತಗೊಂಡು ಹೋಗಲೇಬೇಡಿ. ಬೆಟ್ಟದ ದಾರಿಗೆ ಹವಾಯಿ ಚಪ್ಪಲಿ ಹಾಕ್ಕೊಂಡು ಹೋದ್ರೆ ದಂಡ ಇದೆ, ಇದು ತಮಾಷೆ ಅಲ್ಲ.

ಉಳಿದಿದ್ದು ಚುಟುಕಾಗಿ. ಗ್ರಾನ್ ಪಾರಾದೀಸೋ 1922ರದ್ದು, ಇಟಲಿಯ ಮೊದಲ ನ್ಯಾಷನಲ್ ಪಾರ್ಕ್, ರಾಜರ ಬೇಟೆ ಕಾಡಾಗಿತ್ತು, ಆಲ್ಪ್ಸ್‌ನ ಐಬೆಕ್ಸ್ ಮೇಕೆ ಬೇರೆಲ್ಲ ಕಡೆ ಮುಗಿದು ಅಲ್ಲಿ ಮಾತ್ರ ಉಳೀತು. ಪ್ರಾಣಿ ನೋಡೋ ಆಸೆ ಇರೋರು ಅಲ್ಲಿಗೇ ಹೋಗಿ, ಸಂಜೆ ಹೊತ್ತು ಎತ್ತರದ ಹುಲ್ಲುಗಾವಲಲ್ಲಿ ಹತ್ತಿರದಿಂದಲೇ ಕಾಣುತ್ತೆ. ಪೋರ್ಚುಗಲ್‌ನ ಪೆನೇಡಾ-ಜೆರೇಶ್‌ನಲ್ಲಿ ಸೋಜು, ಲಿಂದೋಸು ಊರುಗಳ ಕಣದಲ್ಲಿ ಕಂಬದ ಮೇಲೆ ಕೂರಿಸಿದ ಕಲ್ಲಿನ ಪತ್ತಾಯ, ಅಂದ್ರೆ ಧಾನ್ಯ ತುಂಬಿಡೋ ಕಣಜ, ಸಾಲಾಗಿದೆ, ಇಲಿ ಹತ್ತದ ಹಾಗೆ ಕಂಬದ ತಲೆಗೆ ಅಗಲ ಕಲ್ಲು, ಐನ್‌ಮನೆಯಲ್ಲಿ ಬೆಳೆದೋರು ಅದರ ಮುಂದೆ ತುಂಬಾ ಹೊತ್ತು ನಿಲ್ತಾರೆ. ತೆನೆರಿಫೆ ದ್ವೀಪದ ತೇಯ್ದೆ ಜ್ವಾಲಾಮುಖಿ 3715 ಮೀಟರ್, ಸ್ಪೇನ್‌ಗೇ ಎತ್ತರದ್ದು, ಕೇಬಲ್ ಕಾರ್ 3555ರವರೆಗೆ, ತುದಿಗೆ ಬೇರೆ ಪರ್ಮಿಟ್ ಬೇಕು.

ವೀಸಾ ಮತ್ತು ಕಾಗದ ಪತ್ರ

ಮೇಲೆ ಹೇಳಿದ ಪಾರ್ಕ್‌ಗಳಿರೋ ದೇಶಗಳಿಗೆಲ್ಲ ಒಂದೇ ಷೆಂಗೆನ್ ವೀಸಾ ಸಾಕು, ಕ್ರೊಯೇಷಿಯಾ ಕೂಡ 2023ರ ಜನವರಿ 1ರಿಂದ ಅದರೊಳಗೇ ಇದೆ, ದುಡ್ಡೂ ಯೂರೊ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಉಳಿತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು, ಮಗನ ಮನೆ ಜರ್ಮನಿಯಲ್ಲಿದ್ದು ಅಲ್ಲೇ ಹೆಚ್ಚು ದಿನ ಇರೋದಾದ್ರೆ ಜರ್ಮನಿಗೇ. ಫೀ ದೊಡ್ಡವರಿಗೆ 90 ಯೂರೊ, ಜೊತೆಗೆ ಸೆಂಟರ್‌ನವರ ಚಾರ್ಜ್. ಹೊರಡೋ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಲೇಬೇಕು, ಆದ್ರೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಗಿರೋದ್ರಿಂದ ಮೂರು ತಿಂಗಳು ಇಟ್ಕೊಳ್ಳಿ. 30,000 ಯೂರೊ ಕವರ್ ಇರೋ ಇನ್ಶೂರೆನ್ಸ್ ಕಡ್ಡಾಯ, ತಗೊಳ್ಳುವಾಗ ಬೆಟ್ಟದಲ್ಲಿ ನಡೆಯೋದು, ಹೆಲಿಕಾಪ್ಟರ್‌ನಲ್ಲಿ ರಕ್ಷಣೆ ಸೇರಿದೆಯಾ ಅಂತ ಕೇಳಿ ತಗೊಳ್ಳಿ.

ತೋಟದೋರಿಗೆ ಇಲ್ಲೊಂದು ತೊಡಕು. ಸಂಬಳದ ಸ್ಲಿಪ್ ಇರಲ್ಲ, ಕೃಷಿ ಆದಾಯ ಅಂತ ರಿಟರ್ನ್‌ನಲ್ಲಿ ಜಾಸ್ತಿ ಕಾಣಲ್ಲ, ಆರ್‌ಟಿಸಿ ನೋಡಿದ್ರೆ ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರಲ್ಲಿರುತ್ತೆ. ಹಾಗಾಗಿ ಆರ್‌ಟಿಸಿ ಒಂದನ್ನೇ ನಂಬ್ಕೋಬೇಡಿ, ಕಾಫಿ, ಮೆಣಸು ಮಾರಿದ ಬಿಲ್ಲು, ಆ ದುಡ್ಡು ಬಂದು ಬಿದ್ದಿರೋ ಬ್ಯಾಂಕ್ ಸ್ಟೇಟ್‌ಮೆಂಟ್, ಸಿಎ ಹತ್ರ ಒಂದು ಪತ್ರ, ಎಲ್ಲಕ್ಕೂ ಮೇಲೆ ಒಂದು ಕವರಿಂಗ್ ಲೆಟರ್‌ನಲ್ಲಿ ಜಮೀನು ಹೇಗೆ, ಆದಾಯ ವರ್ಷಕ್ಕೊಮ್ಮೆ ಯಾವ ತಿಂಗಳಲ್ಲಿ ಬರುತ್ತೆ, ಕುಯ್ಲಿಗೆ ನಾನು ವಾಪಸ್ ಇರಲೇಬೇಕು ಅಂತ ಬಿಡಿಸಿ ಬರೀರಿ. ವಾಪಸ್ ಬರ್ತೀರಿ ಅನ್ನೋದಕ್ಕೆ ಅದಕ್ಕಿಂತ ಗಟ್ಟಿ ಕಾರಣ ಬೇಕಾ?

ವಿಮಾನಕ್ಕೆ ಬೆಂಗಳೂರೇ ಅನುಕೂಲ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಇಳಿದ್ರೆ ಕಣ್ಣೂರು ಏರ್‌ಪೋರ್ಟ್ ಹತ್ತಿರ, ಗಲ್ಫ್‌ಗೆ ಹೋಗಿ ಅಲ್ಲಿಂದ ಮುಂದಕ್ಕೆ ಹೋಗಬಹುದು, ಆದ್ರೆ ಎರಡು ಬೇರೆ ಬೇರೆ ಟಿಕೆಟ್ ಆದ್ರೆ ಒಂದು ಲೇಟಾದ್ರೆ ಇನ್ನೊಂದಕ್ಕೆ ಯಾರೂ ಜವಾಬ್ದಾರಿ ಅಲ್ಲ, ಮಳೆಗಾಲದಲ್ಲಿ ಘಾಟ್ ರಸ್ತೆಯನ್ನೂ ನಂಬೋ ಹಂಗಿಲ್ಲ.

ಕಾರ್ ಓಡಿಸೋದಾದ್ರೆ ಮಡಿಕೇರಿ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ, ನಮ್ಮ ಲೈಸೆನ್ಸೂ ಜೊತೆಗಿರಬೇಕು. ಡ್ರೈವ್ ಮಾಡೋರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು, ಡೆಬಿಟ್ ಕಾರ್ಡ್‌ಗೆ ಎಷ್ಟೋ ಕಡೆ ಗಾಡಿ ಕೊಡಲ್ಲ. ಘಾಟ್‌ನಲ್ಲಿ ಓಡಿಸಿದ ಕೈಗೆ ಬೆಟ್ಟದ ರಸ್ತೆ ಕಷ್ಟ ಅಲ್ಲ, ಬಲಗಡೆ ಓಡಿಸೋದು ಮೊದಲ ದಿನ ತಲೆ ತಿನ್ನುತ್ತೆ, ಅದರಲ್ಲೂ ಸರ್ಕಲ್‌ನಲ್ಲಿ ನಿಧಾನ. ತಿರುವಲ್ಲಿ ಹಾರ್ನ್ ಹೊಡೆಯೋ ಅಭ್ಯಾಸ ಬಿಡಿ. ಇಟಲಿಯ ಹಳೇ ಪೇಟೆಗಳೊಳಗೆ ಹೊರಗಿನ ಕಾರ್ ಬಿಡದ ವಲಯಗಳಿವೆ, ಕ್ಯಾಮೆರಾ ಫೋಟೋ ತೆಗೆದು ದಂಡ ಆಮೇಲೆ ಬರುತ್ತೆ.

ಮೈಮೇಲೆ, ಬ್ಯಾಗಲ್ಲಿ

ಹೊಸ ಶೂ ಅಲ್ಲಿ ಮೊದಲ ಸಲ ಹಾಕಬೇಡಿ, ಇಲ್ಲೇ ಒಂದು ತಿಂಗಳು ತೋಟದಲ್ಲಿ ಹಾಕ್ಕೊಂಡು ಓಡಾಡಿ. ಆಲ್ಪ್ಸ್, ಪಿರನೀಸ್‌ನಲ್ಲಿ ಬೇಸಿಗೆ ಮಧ್ಯಾಹ್ನ ಗುಡುಗು ಸಿಡಿಲು ಸಾಮಾನ್ಯ, ಮಳೆಗೆ ಹೆದರದ ನಾವು ಅದನ್ನ ಹಗುರವಾಗಿ ತಗೋತೀವಿ, ಮರವೇ ಇಲ್ಲದ ಬಂಡೆ ಮೇಲೆ ಸಿಡಿಲಿಗೆ ನಾವೇ ಎತ್ತರ. ಬೆಳಿಗ್ಗೆ ಬೇಗ ಹೊರಟು ಎರಡು ಗಂಟೆ ಒಳಗೆ ಎತ್ತರದಿಂದ ಇಳಿದುಬಿಡಿ. ನೀರು ಉಳ್ಕೊಂಡ ಜಾಗದಿಂದಲೇ ಒಯ್ಯಿರಿ, ಇಲ್ಲಿ ಯಾವ ಬೆಟ್ಟ ಹತ್ತಿದ್ರೂ ತೋಡು ಸಿಗುತ್ತೆ, ಅಲ್ಲಿ ಸುಣ್ಣದ ಕಲ್ಲಿನ ಬೆಟ್ಟದಲ್ಲಿ ಬಿದ್ದ ಮಳೆಯೆಲ್ಲ ಬಿರುಕಿಗೆ ಇಳಿದು ಹೋಗಿರುತ್ತೆ, ಮೇಲೆ ಒಂದು ಹನಿ ಇರಲ್ಲ. ಜಿಗಣೆ ಇಲ್ಲ, ಆದ್ರೆ ಉಣುಗು ಇದೆ, ಅದರಿಂದ ಲೈಮ್ ಅನ್ನೋ ಕಾಯಿಲೆ ಬರುತ್ತೆ, ಹುಲ್ಲಲ್ಲಿ ನಡೆದ ದಿನ ಸಂಜೆ ಮಂಡಿ ಹಿಂದೆ, ಕಂಕುಳು ನೋಡ್ಕೊಳ್ಳಿ, ಕಚ್ಚಿದ್ರೆ ಚಿಮುಟದಿಂದ ಚರ್ಮದ ಬುಡಕ್ಕೆ ಹಿಡಿದು ನೇರ ಎಳೀರಿ.

ಕುರಿ ಹಿಂಡಿನ ಜೊತೆ ದೊಡ್ಡ ಬಿಳಿ ನಾಯಿಗಳಿರುತ್ತೆ, ತೋಳ ಓಡಿಸೋಕೆ ಸಾಕಿದ್ದು. ಹಿಂಡಿನ ಮಧ್ಯೆ ನುಗ್ಗಬೇಡಿ, ಓಡಬೇಡಿ, ಕೋಲು ಎತ್ತಬೇಡಿ, ದೂರದಿಂದ ಸುತ್ತು ಹಾಕಿ ಹೋಗಿ. ಏನಾದ್ರೂ ಆದ್ರೆ ಯಾವ ದೇಶದಲ್ಲಾದ್ರೂ 112.

ಬೆಟ್ಟದ ತಂಗುಮನೆಯಲ್ಲಿ ಉಳಿಯೋದು ಒಂದ್ಸಲ ಮಾಡಲೇಬೇಕು. ಒಂದೇ ಹಾಲ್‌ನಲ್ಲಿ ಸಾಲು ಮಂಚ, ಶೂ ಹೊರಗೆ ಬಿಡಬೇಕು, ಹೊದಿಕೆ ಒಳಗೆ ಹಾಕ್ಕೊಳ್ಳೋಕೆ ನಿಮ್ಮದೇ ತೆಳು ಬೆಡ್‌ಶೀಟ್ ಚೀಲ ಬೇಕು, ನಗದು ಇಟ್ಕೊಳ್ಳಿ, ರಾತ್ರಿ ಹತ್ತಕ್ಕೆ ದೀಪ ಆರುತ್ತೆ. ಊಟ ಬಿಸಿ ಬಿಸಿ ಸೂಪು, ಬೀನ್ಸ್ ಕಾಳು, ಬಾರ್ಲಿ, ಹಂದಿ ಮಾಂಸ ಬಹಳ ಕಡೆ ಇರೋದ್ರಿಂದ ನಮ್ಮಲ್ಲಿ ತುಂಬಾ ಜನಕ್ಕೆ ತೊಂದ್ರೆ ಇಲ್ಲ, ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಬೇಕು. ಮನೆಯಿಂದ ಪಂದಿ ಉಪ್ಪಿನಕಾಯಿ, ಒಣಗಿಸಿದ ಮಾಂಸ, ತುಪ್ಪ ತಗೊಂಡು ಹೋಗಬೇಡಿ, ಹೊರಗಿನ ದೇಶದ ಮಾಂಸ, ಹಾಲಿನ ಪದಾರ್ಥ ಯುರೋಪ್ ಒಕ್ಕೂಟದೊಳಗೆ ಬಿಡಲ್ಲ, ಏರ್‌ಪೋರ್ಟ್‌ನಲ್ಲಿ ತೆಗೆದು ಬಿಸಾಕ್ತಾರೆ. ಕಾಫಿ ಪುಡಿ, ಚಟ್ನಿ ಪುಡಿ, ಮಾವಿನ ಉಪ್ಪಿನಕಾಯಿ ಪರವಾಗಿಲ್ಲ, ಮಗಳಿಗೆ ಅಂತ ತಗೊಂಡು ಹೋಗೋ ಕಾಫಿ ಪುಡಿಯಲ್ಲಿ ಸ್ವಲ್ಪ ತಂಗುಮನೆಯವರಿಗೂ ಕೊಡಿ, ನಮ್ಮ ತೋಟದ್ದು ಅಂತ ಹೇಳಿದ್ರೆ ಎಷ್ಟು ಖುಷಿ ಪಡ್ತಾರೆ ನೋಡಿ.

ಬಾಟಲಿ ಬಿಟ್ಟು ಬರೋದು, ಫೋನಲ್ಲಿ ಹಾಡು ಹಾಕ್ಕೊಂಡು ನಡೆಯೋದು, ಬೇಲಿ ದಾಟಿ ಸೆಲ್ಫಿಗೆ ಹೋಗೋದು, ಇವೆಲ್ಲ ನಮ್ಮ ಬೆಟ್ಟಗಳಲ್ಲಿ ಬೇರೆಯವರು ಮಾಡಿದಾಗ ನಮಗೆ ಹೊಟ್ಟೆ ಉರಿಯುತ್ತೆ, ಅಲ್ಲಿನ ಹಳ್ಳಿಯವರಿಗೂ ಅಷ್ಟೇ ಉರಿಯುತ್ತೆ. ದಾರಿಯಲ್ಲಿ ಎದುರು ಸಿಕ್ಕವರಿಗೆ ಅವರ ಭಾಷೆಯಲ್ಲಿ ನಮಸ್ಕಾರ ಹೇಳೋದು ವಾಡಿಕೆ, ಕ್ರೊಯೇಷಿಯಾದಲ್ಲಿ ದೊಬರ್ ದಾನ್, ಇಟಲಿಯಲ್ಲಿ ಬೋನ್‌ಜೋರ್ನೊ, ಸ್ಪೇನ್‌ನಲ್ಲಿ ಓಲಾ.

ಸೆಪ್ಟೆಂಬರ್‌ಗೆ ಹೊರಡೋದಾದ್ರೆ ಪಾರ್ಕ್ ಯಾವುದು ಅಂತ ಏಪ್ರಿಲ್ ಒಳಗೆ ಮನೆಯಲ್ಲಿ ಕೂತು ತೀರ್ಮಾನ ಮಾಡಿ, ಮೇನಲ್ಲಿ ಕ್ಯಾನ್ಸಲ್ ಮಾಡಬಹುದಾದ ರೂಮ್ ಬುಕ್ ಮಾಡಿ, ಜೂನ್ ಮೊದಲ ವಾರ ವೀಸಾ ಅಪಾಯಿಂಟ್‌ಮೆಂಟ್ ಹಿಡೀರಿ, ವೀಸಾ ಕೈಗೆ ಬಂದ್ಮೇಲೆ ತಂಗುಮನೆ, ಪಾರ್ಕ್ ಟಿಕೆಟ್ ಮಾಡಿ. ಹೊರಡೋ ಹಿಂದಿನ ವಾರ ಆ ಪಾರ್ಕಿನ ಮ್ಯಾಪ್ ಫೋನ್‌ಗೆ ಇಳಿಸ್ಕೊಳ್ಳಿ, ಕಣಿವೆ ಒಳಗೆ ಸಿಗ್ನಲ್ ಇರಲ್ಲ, ಟಿಕೆಟ್‌ಗಳನ್ನ ಕಾಗದದಲ್ಲೂ ಒಂದು ಪ್ರಿಂಟ್ ತೆಗೆದು ಇಟ್ಕೊಳ್ಳಿ.